‘ಇವತ್ತು ಬ್ಯಾಡ’ ಅಂದವರಿಗೆ

ಕಳೆದ ಭಾನುವಾರ ತುಂಗಭದ್ರೆಯ ದಂಡೆಯ ಕಂಪ್ಲಿ ಕೋಟೆಯ ಕೆಳಗೆ ನಮ್ಮ ಹೊಸ ತೆಪ್ಪ, ಅಂದರೆ ಬಿದಿರಿನಲ್ಲಿ ಹೆಣೆದ ದುಂಡನೆಯ ಹರಿಗೋಲು, ನೀರಿಗಿಳಿಯಿತು. ಬಳ್ಳಾರಿಯ ಹೈಸ್ಕೂಲ್ ಹುಡುಗಿಯರು ಅದರಲ್ಲಿ ಕೂತು, ದೊಡ್ಡವರ ಕೈಗೆ ಹುಟ್ಟು ಕೊಡದೆ, ತಾವೇ ಆಚೆ ದಡ ಮುಟ್ಟಿ ವಾಪಸ್ ಬಂದರು. ಫೋಟೊ ಹಾಕಿದಾಗಿನಿಂದ ಫೋನಿಗೆ ಬಿಡುವಿಲ್ಲ. ಒಬ್ಬೊಬ್ಬರಿಗೂ ಉತ್ತರ ಬರೆಯುವುದು ಆಗದ ಮಾತು. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಅಭಿನಂದನೆಗಳೆಲ್ಲ ತಪ್ಪು ಮನೆ ಬಾಗಿಲಿಗೆ ಬಂದು ಬೀಳುತ್ತಿವೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಹೊಸಬರಿಗಾಗಿ ಎರಡು ಮಾತು. ನಾವು ಬಳ್ಳಾರಿಯವರು. ನಮ್ಮೂರಿಗೆ ಗುಡ್ಡವಿದೆ, ಕೋಟೆಯಿದೆ, ಬೇಕಾದ್ದಕ್ಕಿಂತ ಹೆಚ್ಚು ಬಿಸಿಲಿದೆ, ಹೊಳೆ ಮಾತ್ರ ಇಲ್ಲ. ತುಂಗಭದ್ರೆ ನಮಗೆ ಗೊತ್ತಿರುವುದು ಕಾಲುವೆಯಾಗಿ, ಆಮೇಲೆ ನಲ್ಲಿಯಾಗಿ. ನಮ್ಮಲ್ಲೊಬ್ಬ ಕೆಲಸದ ಮೇಲೆ ನ್ಯೂಯಾರ್ಕಿನಲ್ಲಿದ್ದಾಗ, ಹಡ್ಸನ್ ನದಿಯ ದಂಡೆಯಲ್ಲಿ ಸ್ವಯಂಸೇವಕರೇ ಮರದ ದೋಣಿ ಕಟ್ಟಿ, ಬಂದವರನ್ನೆಲ್ಲ ಪುಕ್ಕಟೆ ಕೂರಿಸಿ ಹುಟ್ಟು ಹಾಕಿಸುವುದನ್ನು ನೋಡಿ ಬಂದಿದ್ದ. ‘ಅಷ್ಟು ದೊಡ್ಡ ಊರಾಗ ಮಾಡ್ತಾರಂದ್ರ ನಮಗೇನ್ ಆಗೇತಿ?’ ಎಂದು ಕೇಳಿದ. ಹೊಳೆಯೇ ಇಲ್ಲವಲ್ಲೋ ಮಾರಾಯ ಎಂದೆವು. ಅವನು ಕುರುಗೋಡು ದಾಟಿ ಹೋಗುವ ಕಂಪ್ಲಿ ಬಸ್ಸಿನ ವೇಳಾಪಟ್ಟಿ ತೋರಿಸಿದ.

ಹಾಗೆ ಶುರುವಾದ ಬಳಗ ಇದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬರುವವರಿದ್ದಾರೆ, ಮೇಷ್ಟ್ರುಗಳಿದ್ದಾರೆ, ಜೀನ್ಸ್ ಹೊಲಿಯುವ ಅಕ್ಕಂದಿರಿದ್ದಾರೆ, ಹಲ್ಲಿನ ಡಾಕ್ಟರೊಬ್ಬರಿದ್ದಾರೆ. ಫೀಸಿಲ್ಲ, ಅಧ್ಯಕ್ಷರಿಲ್ಲ. ಹೆಸರಿಡಲು ಕರೆದ ಮೀಟಿಂಗು ಮಿರ್ಚಿ ಖಾಲಿಯಾದ ಕೂಡಲೇ ಮುಗಿದಿದ್ದರಿಂದ ಹೆಸರೂ ಇಲ್ಲ.

ಕಂಪ್ಲಿ ಕೋಟೆಯ ಮೀನುಗಾರರ ಮನೆಗಳಿಗೆ ನಾವು ಮೊದಲ ಸಲ ಹೋದಾಗ, ಹೊಳೆಯಲ್ಲೇ ತಲೆ ನೆರೆತ ತಾತ ಒಬ್ಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ‘ಈಜು ಬರತೈತೇನು?’ ಎಂದು ಕೇಳಿದರು. ಅರ್ಧಕ್ಕರ್ಧ ಜನ ನೆಲ ನೋಡಿದೆವು. ‘ಹಂಗಾದ್ರ ಮೊದಲು ಅದು’ ಎಂದು ಎದ್ದು ಹೋದರು. ಈಜು ಕಲಿತ ಮೇಲೇ ನಮ್ಮ ಕೈಗೆ ಹುಟ್ಟು ಬಂದದ್ದು. ಅವರ ಹೆಸರು ಬರೆಯಬಾರದೆಂದು ಅವರದೇ ಆಣತಿ. ‘ಹೆಸರು ಹಾಕಿದ್ರ ಮಂದಿ ಹುಡಿಕ್ಕೊಂಡು ಬರ್ತಾರ, ನನಗ ಬಲೆ ಬಿಡೂದೈತಿ’ ಅಂದರು. ಆದ್ದರಿಂದ ತಾತ ಅಂತಲೇ ಬರೆಯುತ್ತೇನೆ.

ತೆಪ್ಪ ನೋಡಲು ಸುಲಭ. ಕೂತಮೇಲೆ ಗೊತ್ತಾಗುತ್ತದೆ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಒಂದೇ ಮಗ್ಗುಲಲ್ಲಿ ಹುಟ್ಟು ಹಾಕಿದರೆ ಅಂಗೈಯಡಿಯ ಜೋಳದ ರೊಟ್ಟಿಯ ಹಾಗೆ ಗರಗರ ತಿರುಗುತ್ತದೆ. ಒಲಿಂಪಿಕ್ಸಿನ ರೋಯಿಂಗ್‌ನಲ್ಲಿ ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ. ಇಲ್ಲಿ ಹೋಗುವ ಕಡೆಗೇ ಮುಖ. ಅಂಚಿನ ಹತ್ತಿರ ಮಂಡಿಯೂರಿ, ಹುಟ್ಟನ್ನು ಮುಂದೆ ಚಾಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸುತ್ತಾ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ತೋಳಿನ ಬಲದಿಂದ ಆಗುವ ಕೆಲಸವಲ್ಲ ಇದು. ಜಿಮ್ಮಿಗೆ ಹೋಗುವ ನಮ್ಮ ಹುಡುಗರು ಹೊಳೆ ನಡುವೆ ಸುತ್ತು ಹೊಡೆಯುತ್ತಿದ್ದಾಗ, ಹೊಲಿಗೆ ಅಕ್ಕಂದಿರು ಸೀದಾ ಗೆರೆ ಎಳೆದ ಹಾಗೆ ಹೋಗಿಬಿಟ್ಟಿದ್ದರು.

ಇದೆಲ್ಲ ಕಲಿಸಿದ್ದಕ್ಕೆ ತಾತನಿಗೆ, ಅವರ ಸೊಸೆಗೆ, ಓಣಿಯ ಅಣ್ಣಂದಿರಿಗೆ ನಾವು ಋಣಿಗಳು. ಆದರೆ ನನ್ನ ದೊಡ್ಡ ನಮಸ್ಕಾರ ಇರುವುದು ಅವರು ಕಲಿಸಿದ ಭಾನುವಾರಗಳಿಗಲ್ಲ, ನೀರಿಗೆ ಬಿಡದೆ ವಾಪಸ್ ಕಳಿಸಿದ ಭಾನುವಾರಗಳಿಗೆ.

2024ರ ಜುಲೈ ಕೊನೆಯಲ್ಲಿ, ಮೇಲೆ ಹೊಸಪೇಟೆ ಹತ್ತಿರದ ತುಂಗಭದ್ರಾ ಡ್ಯಾಂ ತುಂಬಿ ಹೊಳೆ ಉಕ್ಕಿತ್ತು. ಡ್ಯಾಂನಿಂದ ಹೆಚ್ಚು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ, ಕೋಟೆಯ ಮನೆಗಳ ಹೊಸ್ತಿಲಿಗೆ ನೀರು ಬರುತ್ತದೆ. ಇದು ಅಲ್ಲಿಯವರಿಗೆ ಹೊಸದಲ್ಲ. ಆಗಸ್ಟ್ ಹೊತ್ತಿಗೆ ನೀರು ಇಳಿದಿತ್ತು. 11ನೇ ತಾರೀಕು, ಭಾನುವಾರ, ಮತ್ತೆ ಶುರು ಮಾಡೋಣ ಎಂದು ಎಲ್ಲರೂ ಬ್ಯಾಗು ಕಟ್ಟಿಟ್ಟಿದ್ದೆವು. ಮೊದಲ ಬಸ್ಸಿಗೂ ಮುಂಚೆ ತಾತನ ಫೋನು. ‘ಯಾರೂ ಬರಬ್ಯಾಡ್ರಿ. ಡ್ಯಾಂ ಗೇಟು ಕೊಚ್ಚಿಕೊಂಡು ಹೋಗೈತಿ.’ ಟೀವಿ ಹಾಕಿದರೆ ಅದೇ ಸುದ್ದಿ. ಶನಿವಾರ ತಡರಾತ್ರಿ ಡ್ಯಾಂನ ನೆತ್ತಿಯ ಮೇಲಿನ 19ನೇ ಗೇಟಿನ (ಕ್ರಸ್ಟ್ ಗೇಟ್) ಚೈನ್ ತುಂಡಾಗಿ, ಗೇಟೇ ಹೊಳೆಗೆ ಹೋಗಿತ್ತು. ಡ್ಯಾಂ ಮೇಲಿನ ಒತ್ತಡ ತಗ್ಗಿಸಲು 33 ಗೇಟುಗಳಿಂದಲೂ ನೀರು ಬಿಟ್ಟರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ಅಡ್ಡಹಲಗೆಗಳನ್ನು ಇಳಿಸಿ ಕಂಡಿ ಮುಚ್ಚುವ ತನಕ, ಅಂದರೆ ಸುಮಾರು ಒಂದು ವಾರ, ಇಡೀ ತುಂಗಭದ್ರಾ ಸೀಮೆಯೇ ಉಸಿರು ಬಿಗಿ ಹಿಡಿದಿತ್ತು. ಆ ಕೆಲಸಗಾರರಿಗೆ ಇಲ್ಲಿಂದಲೇ ಒಂದು ಸಲಾಮು. ಭತ್ತದವರಿಗೆ ಅವರು ಬೆಳೆ ಉಳಿಸಿಕೊಟ್ಟರು.

ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಆ ರಾತ್ರಿ ತಾತನ ಸ್ವಂತ ತೆಪ್ಪಗಳು, ಬಲೆಗಳು ದಂಡೆಯಲ್ಲಿದ್ದವು. ಕತ್ತಲಲ್ಲಿ ಅವನ್ನು ಎತ್ತರಕ್ಕೆ ಹೊತ್ತು ಹಾಕುವ ನಡುವೆ, ಬಳ್ಳಾರಿಯಲ್ಲಿ ಮಲಗಿರುವ ನಮ್ಮ ನೆನಪು ಅವರಿಗೆ ಬಂದಿತ್ತು.

2025ರದು ಇನ್ನೊಂದು ಬಗೆ. ಗೇಟುಗಳ ಸ್ಥಿತಿ ನೋಡಿ ಜಲಾಶಯದಲ್ಲಿ 80 ಟಿಎಂಸಿ ಅಡಿಯ ಆಸುಪಾಸಿಗೇ ನೀರು ನಿಲ್ಲಿಸಿದರು, ಪೂರ್ತಿ ತುಂಬಿದರೆ ಹಿಡಿಯುವುದು 105 ಚಿಲ್ಲರೆ. ಹಿಡಿಯದ ನೀರು ಹೊಳೆಗೇ ಬರಬೇಕಲ್ಲ! ಆ ಮಳೆಗಾಲವಿಡೀ ‘ಬ್ಯಾಡ’ಗಳದೇ ಸುಗ್ಗಿ. ತಾತ ಚಹಾಕ್ಕೆ ಹೋಗುವ ಮುಂಚೆ ನೀರಿನಂಚಿಗೆ ಒಂದು ಕಡ್ಡಿ ನೆಡುತ್ತಾರೆ. ಚಹಾ ಕುಡಿದು ಬಂದಾಗ ನೀರು ಕಡ್ಡಿ ದಾಟಿದ್ದರೆ ಮಾತು ಮುಗಿಯಿತು. ಆಕಾಶ ನೀಲಿ ಇರಲಿ, ಹೊಳೆ ನಿದ್ದೆ ಮಾಡುವಂತೆ ಕಾಣಲಿ, ನಾವು ಬಸ್ಸಿಗೆ ದುಡ್ಡು ಹಾಕಿ ಬಂದಿರಲಿ, ಅವರಿಗೆ ಸಂಬಂಧವಿಲ್ಲ. ‘ಇವತ್ತು ಬ್ಯಾಡ.’ ನಮ್ಮವರಲ್ಲಿ ಕೆಲವರು ಮುಖ ಊದಿಸಿಕೊಂಡರು, ಒಂದಿಬ್ಬರು ಬರುವುದನ್ನೇ ಬಿಟ್ಟರು. ಹೋಗಲಿ ಬಿಡಿ. ಈವರೆಗೆ ನಮ್ಮಲ್ಲಿ ಯಾರಿಗೂ ಏನೂ ಆಗಿಲ್ಲ, ಆ ಕಡ್ಡಿಯಿಂದ.

ಒಮ್ಮೆ ತಾತನಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದದ್ದನ್ನು ಹೇಳಿದೆ. 1520ರ ಸುಮಾರಿಗೆ ಅವನು ಆನೆಗೊಂದಿಯ ಹತ್ತಿರ ಬುಟ್ಟಿಯಂಥ ದುಂಡನೆಯ ದೋಣಿಗಳನ್ನು ಕಂಡಿದ್ದ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಕೂರಬಹುದು ಎಂದು ಬರೆದಿಟ್ಟಿದ್ದಾನೆ. ತಾತ ಬೀಡಿ ಆರಿಸಿ, ‘ಇಪ್ಪತ್ತು ಮಂದೀನಾ? ಅವರಿಗೆ ಜಾಕೀಟು ಹಾಕ್ಸಿದ್ರೇನು?’ ಎಂದರು. ನಾವು ಮೊದಲು ಲೈಫ್ ಜಾಕೆಟ್ ತಂದಾಗ ಗಹಗಹಿಸಿ ನಕ್ಕಿದ್ದವರು ಇವರೇ! ಈಗ ಮೊಮ್ಮಗನಿಗೆ ಬಕಲ್ ಹಾಕದೆ ತೆಪ್ಪ ಬಿಡುವುದಿಲ್ಲ.

ಉಳಿದವರನ್ನು ಬೇಗ ಬೇಗ ನೆನೆಯುತ್ತೇನೆ, ಬೇಸರ ಬೇಡ. ಬಿದಿರು ಸೀಳಿ ಹೊಸ ತೆಪ್ಪದ ತಳ ಹೆಣೆದುಕೊಟ್ಟ ಮೇದಾರ ಅಕ್ಕ, ನಮ್ಮ ಹೆಣಿಗೆಯನ್ನು ಬಿಚ್ಚಿ ಬಿಚ್ಚಿ ಮತ್ತೆ ಹಾಕಿದ ಅವರ ತಾಳ್ಮೆ. ತಳಕ್ಕೆ ಹೊದಿಸಲು ಖಾಲಿ ಗೊಬ್ಬರದ ಚೀಲ ಕೊಟ್ಟ ಅಂಗಡಿ ಸಾಹುಕಾರರು. ಡಾಂಬರು ಕಾಯಿಸಿ ಬಳಿದ ಹುಡುಗರು. ಆ ಅಂಗಿಗಳಿಗೆ ಇನ್ನು ಮೋಕ್ಷವಿಲ್ಲ. ಮುಳುಗುವವರಿಗೆ ಎಸೆಯುವ ಹಗ್ಗಕ್ಕೆ ಜೀನ್ಸ್ ತುಂಡುಗಳಿಂದ ಚೀಲ ಹೊಲಿದ ನಮ್ಮ ಅಕ್ಕಂದಿರು. ಹುಟ್ಟುಗಳನ್ನು ಬಸ್ಸಿಗೆ ಹತ್ತಿಸಿದಾಗ ‘ಇವಕ್ಕೂ ಟಿಕೆಟ್ ಹರೀಲೇನ್ರಿ?’ ಎಂದು ಕೇಳಿ, ಹರಿಯದೆ ಬಿಟ್ಟ ಕಂಡಕ್ಟರಣ್ಣ. ಬೆಳಗಿನ ವಗ್ಗರಣಿ–ಮಿರ್ಚಿಗೆ ಉದ್ರಿ ಬರೆದುಕೊಳ್ಳುವ ಹೋಟೆಲ್ಲಿನ ಅವ್ವ. ಒಂದು ಕಚೇರಿ ನಮ್ಮನ್ನು ಒಂದು ಕಾಗದಕ್ಕಾಗಿ ಬಹಳ ಅಲೆದಾಡಿಸಿತು. ಆ ಕಾಗದ ಕೊನೆಗೂ ಹುಡುಕಿಕೊಟ್ಟ ಅಲ್ಲಿನ ಗುಮಾಸ್ತರಿಗೂ ಥ್ಯಾಂಕ್ಸ್.

ನೀರುನಾಯಿಗಳಿಗೂ ಒಂದು ಮಾತು ಸಲ್ಲಬೇಕು. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರು 2015ರಿಂದ ಅವುಗಳ ಸಂರಕ್ಷಿತ ಪ್ರದೇಶ. ಹಾಗಾಗಿ ಸೇತುವೆಯ ಮೇಲ್ಬದಿಗೆ ನಾವು ತೆಪ್ಪ ಒಯ್ಯುವುದಿಲ್ಲ. ಅವು ಮಾತ್ರ ಆ ಗಡಿ ಒಪ್ಪಿಕೊಂಡಂತಿಲ್ಲ, ಆಗಾಗ ಕೆಳಗೆ ಬಂದು ನಮ್ಮ ಅಭ್ಯಾಸ ನೋಡಿ ಹೋಗುತ್ತವೆ. ಚಳಿಗಾಲದ ಬೆಳಿಗ್ಗೆ ಮೊಸಳೆ ಯಾವ ಬಂಡೆ ಮೇಲೆ ಬಿಸಿಲು ಕಾಯಿಸುತ್ತದೆ ಎಂದು ತೋರಿಸಿಕೊಟ್ಟ ಅರಣ್ಯ ಸಿಬ್ಬಂದಿಗೆ ನಮ್ಮೆಲ್ಲರ ಮನೆಯವರ ಪರವಾಗಿ ವಿಶೇಷ ವಂದನೆ.

ಕೊನೆಗೆ, ದುಡ್ಡು ಕಳಿಸುತ್ತೇವೆ ಎಂದವರಿಗೆ: ಬೇಡ. ಲೆಕ್ಕ ಇಡುವವರು ನಮ್ಮಲ್ಲಿಲ್ಲ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದ್ದರೆ ಕಳಿಸಿ, ಹಳೆಯದಾದರೂ ನಡೆಯುತ್ತದೆ, ಬಕಲ್ ಗಟ್ಟಿ ಇರಬೇಕು. ದೊಡ್ಡವರದು ಸಾಕಷ್ಟಿವೆ. ಬರುವವರು ಭಾನುವಾರ ಮೊದಲ ಬಸ್ಸಿಗೆ ಬನ್ನಿ, ಈಜು ಬಾರದಿದ್ದರೆ ಮೊದಲೇ ಹೇಳಿಬಿಡಿ.