ಎಪ್ಪತ್ತು ದಾಟಿದವರ ಬೆಡ್ ಪಕ್ಕ ಮನೆಯವರು ಒಬ್ರು ಇರ್ಲಿ

ಮಾನ್ಯ ಸಂಪಾದಕರೇ,

2024ರ ಅಕ್ಟೋಬರ್‌ನಿಂದ ಎಪ್ಪತ್ತು ದಾಟಿದ ಎಲ್ರಿಗೂ ಆಯುಷ್ಮಾನ್ ಕಾರ್ಡ್ ಸಿಗ್ತದೆ, ಆದಾಯ ಎಷ್ಟೇ ಇರ್ಲಿ, ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು. ತುಂಬಾ ಒಳ್ಳೇದಾಯ್ತು. ಆದ್ರೆ ಬೆಡ್ ಸಿಕ್ಕಿದ ಮೇಲೆ ಆ ಬೆಡ್ಡಲ್ಲಿ ವಯಸ್ಸಾದವ್ರಿಗೆ ಏನಾಗ್ತದೆ ಅನ್ನೋದು ನಮ್ಮ ಮುಂಬಯಿಯಲ್ಲಿ ಅಷ್ಟಾಗಿ ಯಾರೂ ಮಾತಾಡೋದು ಕೇಳಿಲ್ಲ, ಅದಕ್ಕೇ ಈ ಪತ್ರ.

ನಮ್ಮ ಮಾವನವರಿಗೆ ಎಂಬತ್ತರ ಮೇಲಾಯ್ತು. ಫೋರ್ಟ್ ಕಡೆ ಕ್ಯಾಂಟೀನಲ್ಲಿ ಜೀವಮಾನವಿಡೀ ದುಡಿದವ್ರು, ಹಿಂದಿ ಮರಾಠಿ ಗುಜರಾತಿ ಎಲ್ಲ ನೀರು ಕುಡಿದಷ್ಟು ಸಲೀಸು. ಕಳೆದ ಮಳೆಗಾಲ ಯೂರಿನ್ ಇನ್ಫೆಕ್ಷನ್ ಆಗಿ ಜ್ವರ ಏರಿತು ಅಂತ ಒಂದು ಪ್ರೈವೇಟ್ ಆಸ್ಪತ್ರೆಗೆ ಸೇರಿಸಿದ್ವಿ, ರಿಕ್ಷಾದಿಂದ ಇಳಿದು ಅವರೇ ನಡ್ಕೊಂಡು ಒಳಗೆ ಹೋಗಿದ್ರು. ಐಸಿಯು ಬಾಗಿಲಲ್ಲಿ ಕನ್ನಡಕ, ಹಲ್ಲಿನ ಸೆಟ್, ಕಿವಿ ಮಷೀನು ಎಲ್ಲ ಬಿಚ್ಚಿಸಿ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ನಮ್ಮ ಕೈಗೆ ಕೊಟ್ರು, ಕಳೆದುಹೋದ್ರೆ ನಾವು ಜವಾಬ್ದಾರಿ ಅಲ್ಲ ಅಂತ. ಸಂಜೆ ಅರ್ಧ ಗಂಟೆ ಮಾತ್ರ, ಅದೂ ಒಬ್ರಿಗೆ ಪಾಸ್. ಮರುದಿನ ಹೋಗಿ ನೋಡಿದ್ರೆ ಎರಡೂ ಕೈಗೆ ಬ್ಯಾಂಡೇಜ್ ಬಟ್ಟೆ ಸುತ್ತಿ ಕಂಬಿಗೆ ಕಟ್ಟಿದ್ದಾರೆ, ಸಲೈನ್ ಕಿತ್ಕೊಳ್ತಾರೆ, ಏನೇನೋ ಬಡಬಡಿಸ್ತಾರೆ ಅಂತ ಹೇಳಿದ್ರು. ಬಡಬಡಿಸಿದ್ದು ಏನಂದ್ರೆ ರಾತ್ರಿಯಿಡೀ ನಮ್ಮ ಮನೆಮಾತು ತುಳುವಲ್ಲಿ ನೀರು ಕೇಳ್ತಾ ಇದ್ದದ್ದು. ಕಣ್ಣು ಕಾಣಲ್ಲ, ಕಿವಿ ಕೇಳಲ್ಲ, ಹಲ್ಲಿಲ್ಲದ ಬಾಯಲ್ಲಿ ಮಾತು ಸ್ಪಷ್ಟ ಬರಲ್ಲ, ಗಡಿಯಾರ ಇಲ್ಲ, ಲೈಟು ಹಗಲೂ ರಾತ್ರಿಯೂ ಉರೀತದೆ. ಇಂಥಾ ಕಡೆ ಮಲಗಿಸಿದ್ರೆ ಯಾರಿಗೆ ತಲೆ ನೆಟ್ಟಗಿರ್ತದೆ ಹೇಳಿ.

ಇದಕ್ಕೆ ಡಾಕ್ಟ್ರುಗಳು ಡೆಲಿರಿಯಂ ಅಂತಾರೆ. ಮರೆವಿನ ಕಾಯಿಲೆ ಬೇರೆ, ಅದು ವರ್ಷಗಟ್ಲೆ ನಿಧಾನಕ್ಕೆ ಬರೋದು, ಇದು ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬರ್ತದೆ. ಜ್ವರ, ಮೈಯಲ್ಲಿ ನೀರು ಕಮ್ಮಿ ಆಗೋದು, ನಿದ್ದೆ ಇಲ್ದೆ ಇರೋದು, ಮಲಬದ್ಧತೆ, ಯೂರಿನ್ ಪೈಪು, ಹೊಸ ಮಾತ್ರೆ, ಇವುಗಳಲ್ಲಿ ಯಾವುದರಿಂದ ಬೇಕಾದ್ರೂ ಆಗಬಹುದು. ಕಾರಣ ಹುಡುಕಿ ಸರಿ ಮಾಡಿದ್ರೆ ಹೆಚ್ಚಿನವ್ರಲ್ಲಿ ಇಳೀತದೆ. ಗಲಾಟೆ ಮಾಡೋರನ್ನ ಹೇಗೂ ಎಲ್ರೂ ನೋಡ್ತಾರೆ, ಸುಮ್ಮನೆ ಮಂಕಾಗಿ ಮಲಗಿಬಿಡೋರು ಇರ್ತಾರಲ್ಲ, ಅವ್ರಿಗೂ ಇದೇ ಆಗಿರ್ತದೆ, ಪಾಪ ನಿದ್ದೆ ಮಾಡ್ತಿದ್ದಾರೆ ಅಂತ ಬಿಟ್ಬಿಡ್ತಾರೆ, ನನಗೆ ಅವ್ರದ್ದೇ ಹೆಚ್ಚು ಚಿಂತೆ.

ಇದನ್ನ ತಡೆಯೋಕೆ ದುಬಾರಿ ಮಷೀನು ಏನೂ ಬೇಡ. ಅಮೆರಿಕದ ಯೇಲ್‌ನಲ್ಲಿ ಡಾ. ಶರನ್ ಇನೋಯ್ ಅವರ ತಂಡ ಎಪ್ಪತ್ತರ ಮೇಲಿನ 852 ರೋಗಿಗಳ ಮೇಲೆ ಮಾಡಿದ ಅಧ್ಯಯನ 1999ರಲ್ಲಿ ಬಂತು. ಮಾಡಿದ್ದಿಷ್ಟೇ, ಕನ್ನಡಕ ಕಿವಿ ಮಷೀನು ಹಾಕಿಸೋದು, ನೀರು ಕುಡಿಸೋದು, ದಿನಾ ಎಬ್ಬಿಸಿ ನಡೆಸೋದು, ರಾತ್ರಿ ಸದ್ದು ಕಮ್ಮಿ ಮಾಡೋದು, ಇವತ್ತು ಯಾವ ವಾರ ನೀವು ಎಲ್ಲಿದ್ದೀರಿ ಅಂತ ಮಾತಾಡಿಸ್ತಾ ಇರೋದು. ಮಾಮೂಲಿ ವಾರ್ಡಲ್ಲಿ ನೂರಕ್ಕೆ 15 ಜನರಿಗೆ ಡೆಲಿರಿಯಂ ಬಂದ್ರೆ ಹೀಗೆ ನೋಡ್ಕೊಂಡವ್ರಲ್ಲಿ 10ಕ್ಕಿಂತ ಸ್ವಲ್ಪ ಕಮ್ಮಿ. ಇದರಲ್ಲಿ ಸುಮಾರು ಕೆಲಸ ಮಾಡಿದ್ದು ಟ್ರೇನಿಂಗ್ ತಗೊಂಡ ವಾಲಂಟಿಯರ್‌ಗಳು.

ಇನ್ನೊಂದು ವಿಷ್ಯ ಡೈಪರ್. ಬಾತ್‌ರೂಮಿಗೆ ನಡೆದು ಹೋಗೋರಿಗೂ ಬಿದ್ರೆ ಯಾರು ಜವಾಬ್ದಾರಿ ಅಂತ ಡೈಪರ್ ಹಾಕಿ ಮಲಗಿಸ್ತಾರೆ. ವಯಸ್ಸಾದವರ ಕಾಲಿನ ಮಾಂಸಖಂಡ ಮಲಗಿದಲ್ಲೇ ಎಷ್ಟು ಬೇಗ ಕರಗ್ತದೆ ಅಂದ್ರೆ ನಮ್ಮ ಮಾವ ಡಿಸ್ಚಾರ್ಜ್ ಆಗಿ ಮನೆಗೆ ಬಂದದ್ದು ವೀಲ್‌ಚೇರಲ್ಲಿ, ಇನ್ಫೆಕ್ಷನ್ ವಾಸಿಯಾಗಿತ್ತು, ಕಾಲು ಹೋಗಿತ್ತು. ಫಿಸಿಯೋಥೆರಪಿ ಮಾಡಿಸಿ ಈಗ ವಾಕರ್ ಹಿಡ್ಕೊಂಡು ಗ್ಯಾಲರಿವರೆಗೆ ಬರ್ತಾರೆ. ಮಾತ್ರೆಗಳ ಕಥೆ ಬೇರೆ, ನಿದ್ದೆ ಮಾತ್ರೆ, ಕೆಲವು ಅಲರ್ಜಿ ಮಾತ್ರೆ ಎಲ್ಲ ಈ ವಯಸ್ಸಿಗೆ ಆದಷ್ಟು ಬೇಡ ಅಂತ ಬಿಯರ್ಸ್ ಲಿಸ್ಟ್ ಅಂತಲೇ 1991ರಿಂದ ಉಂಟು, ಅಡ್ಮಿಟ್ ಆದ ದಿನವೇ ಒಬ್ರು ಕೂತು ಎಲ್ಲಾ ಸ್ಟ್ರಿಪ್ಪುಗಳನ್ನ ನೋಡಿ ಯಾವುದು ಬೇಕು ಯಾವುದು ಬೇಡ ಅಂತ ತೀರ್ಮಾನ ಮಾಡ್ಬೇಕು.

ನರ್ಸ್‌ಗಳನ್ನ ದೂರೋಕೆ ನನಗೆ ಮನಸ್ಸಿಲ್ಲ. ಒಬ್ಬಳೇ ಹುಡುಗಿ ಅಷ್ಟು ಬೆಡ್ ನೋಡ್ಕೋಬೇಕು, ಯಾರಿಗೆ ಅಂತ ನೀರು ಕುಡಿಸ್ತಾಳೆ? ಅದಕ್ಕೇ ನಾನು ಕೇಳೋದು, ಎಪ್ಪತ್ತು ದಾಟಿದವರ ಪಕ್ಕ ಮನೆಯವರು ಒಬ್ರು ಹಗಲೂ ರಾತ್ರಿ ಇರೋಕೆ ಬಿಡಿ, ಐಸಿಯುನಲ್ಲೂ ಆದಷ್ಟು ಹೊತ್ತು ಬಿಡಿ, ನಾವೇ ಕೈ ಹಿಡ್ಕೊಂಡು ಕೂರ್ತೀವಿ, ಕಟ್ಟೋ ಅವಶ್ಯಕತೆಯೇ ಬರಲ್ಲ ಎಷ್ಟೋ ಸಲ. ಕನ್ನಡಕ, ಕಿವಿ ಮಷೀನು ಅವರ ಮೈಮೇಲೇ ಇರ್ಲಿ, ಹಲ್ಲಿನ ಸೆಟ್ ಊಟದ ಹೊತ್ತಿಗಾದ್ರೂ ಕೊಡಿ. 2007ರ ಹಿರಿಯ ನಾಗರಿಕರ ಕಾಯ್ದೆ ಆಸ್ಪತ್ರೆಯಲ್ಲಿ ಹಿರಿಯರಿಗೆ ಬೇರೆ ಕ್ಯೂ ಇರ್ಬೇಕು ಅನ್ನುತ್ತೆ, ಕ್ಯೂ ಆದ ಮೇಲಿನದ್ದಕ್ಕೂ ಒಂದು ರೂಲ್ ಬರ್ಲಿ.

ನಮ್ಮ ಸಂಘದವ್ರಿಗೂ ಒಂದು ಮಾತು. ಮಾಟುಂಗಾದ ಮೈಸೂರು ಅಸೋಸಿಯೇಷನ್, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವ ಭವನ, ಹೀಗೆ ಊರು ತುಂಬ ನಮ್ಮವರ ಸಂಘಗಳುಂಟು, ರಿಟೈರ್ ಆಗಿ ಕೈಯಲ್ಲಿ ಟೈಮ್ ಇರೋ ಮೆಂಬರುಗಳೂ ಉಂಟು. ಕೆಇಎಂ, ಸಯನ್, ನಾಯರ್ ಆಸ್ಪತ್ರೆಯವರ ಹತ್ರ ಮಾತಾಡಿ ಪರ್ಮಿಷನ್ ತಗೊಂಡು ಕನ್ನಡ, ತುಳು, ಕೊಂಕಣಿ ಬರೋರ ಒಂದು ಲಿಸ್ಟ್ ಮಾಡಿ ವಾರ್ಡಿಗೆ ಕೊಟ್ರೆ ಎಷ್ಟು ಉಪಕಾರ. ಹಗಲು ಸಿಕ್ಕಿದ ಭಾಷೆ ರಾತ್ರಿ ಜ್ವರದಲ್ಲಿ ಸಿಗಲ್ಲ ಈ ವಯಸ್ಸಿನವ್ರಿಗೆ. ಸೆಂಟ್ರಲ್ ರೈಲ್ವೆ ಲೈನಲ್ಲಿ ಯಾವ ಸಂಘದವ್ರು ಶುರು ಮಾಡಿದ್ರೂ ನಾನು ಮಧ್ಯಾಹ್ನದ ಹೊತ್ತು ಬರೋಕೆ ರೆಡಿ, ನಮ್ಮ ಬಿಲ್ಡಿಂಗಿನ ಇನ್ನಿಬ್ರು ಹೆಂಗಸರೂ ಬರ್ತೀವಿ ಅಂದಿದ್ದಾರೆ.

ಇತಿ,
ಒಬ್ಬ ಓದುಗಾರ್ತಿ, ಡೊಂಬಿವಲಿ ಪೂರ್ವ