ಕಥೆ ಮುಗಿದ ಪಾತ್ರವನ್ನು ಬೀಳ್ಕೊಡುವುದು

ಪ್ರೀತಿಯ ತಂಗಿ,

ನಿನ್ನ ಕಾಗದ ತಲುಪಿತು. ನೆಟ್‌ಫ್ಲಿಕ್ಸ್‌ನ ‘ಬ್ರಿಡ್ಜರ್ಟನ್’ ಸರಣಿಯ ಎರಡನೆಯ ಸೀಸನ್ನಿನಲ್ಲಿ, ಮೊದಲ ಸೀಸನ್ನಿನ ನಾಯಕ ಡ್ಯೂಕ್ ಸೈಮನ್ ಇಲ್ಲದ್ದು ಕಂಡು ನಿನಗೆ ಬಂದ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅಷ್ಟು ಜನಪ್ರಿಯ ಪಾತ್ರವನ್ನು ಬಿಟ್ಟುಕೊಟ್ಟವರಿಗೆ ಬರವಣಿಗೆಯೇ ಗೊತ್ತಿಲ್ಲ ಎಂದಿದ್ದೀಯಲ್ಲ, ಅದನ್ನು ಒಪ್ಪಲಾರೆ. ನೀನೂ ಹಳೆಯ ಕಾಲದ ಪ್ರೇಮಕಥೆಯೊಂದನ್ನು ಸರಣಿಯಾಗಿ ಬರೆಯಲು ಹೊರಟಿದ್ದೀಯ. ಹಾಗಾಗಿ ಈ ವಿಷಯವನ್ನು ಈಗಲೇ ಮಾತಾಡಿಬಿಡುವುದು ಒಳ್ಳೆಯದು.

ಸೈಮನ್‌ನ ಕಥೆಯನ್ನು ಒಮ್ಮೆ ಬಿಡಿಸಿ ನೋಡು. ತೊದಲು ಮಾತಿನ ಹುಡುಗ. ಆ ಕಾರಣಕ್ಕೇ ತಂದೆ ಅವನನ್ನು ದೂರವಿಡುತ್ತಾನೆ. ಲೇಡಿ ಡ್ಯಾನ್‌ಬರಿ ಪಕ್ಕದಲ್ಲಿ ನಿಂತು ಅವನ ಮಾತು ತಿದ್ದುತ್ತಾಳೆ. ಹುಡುಗ ಬರೆದ ಪತ್ರಗಳನ್ನು ಆ ತಂದೆ ಒಡೆದು ಕೂಡ ನೋಡುವುದಿಲ್ಲ. ಮುಂದೆ ಅದೇ ತಂದೆ ಸಾಯುವಾಗ ಸೈಮನ್ ಹಾಸಿಗೆಯ ಬಳಿ ನಿಂತು ಶಪಥ ಮಾಡುತ್ತಾನೆ: ಮಕ್ಕಳನ್ನು ಪಡೆಯುವುದಿಲ್ಲ, ಹೇಸ್ಟಿಂಗ್ಸ್ ವಂಶ ನನ್ನೊಂದಿಗೇ ಅಳಿಯಲಿ. 1813ರ ಲಂಡನ್ನಿನ ನೃತ್ಯಕೂಟಗಳು, ಬ್ರಿಡ್ಜರ್ಟನ್ ಮನೆಯ ಮಗಳು ಡ್ಯಾಫ್ನಿಯೊಂದಿಗೆ ಆಡುವ ಸುಳ್ಳು ಪ್ರಣಯ, ಅವಳ ಅಣ್ಣ ಆಂಥೊನಿಯೊಂದಿಗಿನ ದ್ವಂದ್ವಯುದ್ಧ, ಮದುವೆಯಾದ ಮೇಲಿನ ಮುನಿಸು, ಎಲ್ಲದರ ಬೇರೂ ಆ ಒಂದು ಶಪಥದಲ್ಲಿದೆ.

ಎಂಟನೆಯ ಕಂತನ್ನು ಇದೇ ಕಣ್ಣಿನಿಂದ ಮತ್ತೆ ನೋಡು. ಅಂಗಳದ ನೃತ್ಯಕೂಟಕ್ಕೆ ಮಳೆ ಬೀಳುತ್ತದೆ, ಅತಿಥಿಗಳು ಒಳಗೆ ಓಡುತ್ತಾರೆ, ಇವರಿಬ್ಬರು ನೆನೆಯುತ್ತ ಅಲ್ಲೇ ಉಳಿಯುತ್ತಾರೆ. ಬಹುತೇಕರು ಅಂತ್ಯವೆಂದು ನೆನಪಿಟ್ಟುಕೊಂಡಿರುವುದು ಆ ಮಳೆಯನ್ನೇ. ನನಗೆ ಮುಖ್ಯವಾದದ್ದು ಅದರ ನಂತರದ ಹೆರಿಗೆಯ ಕೋಣೆ. ವಂಶವೇ ಬೇಡವೆಂದವನ ಕೈಗೆ ಮಗ ಬರುತ್ತಾನೆ. ಬ್ರಿಡ್ಜರ್ಟನ್ ಮನೆಯಲ್ಲಿ ಮಕ್ಕಳ ಹೆಸರುಗಳು ಅಕ್ಷರಕ್ರಮದಲ್ಲಿವೆ: ಆಂಥೊನಿ, ಬೆನೆಡಿಕ್ಟ್, ಕಾಲಿನ್, ಡ್ಯಾಫ್ನಿ, ಹೀಗೆ ಎಂಟು ಮಂದಿ. ಈ ಮಗುವಿಗೂ ‘ಎ’ ಅಕ್ಷರದಿಂದ ಹೆಸರಿಡುವ ಮಾತು ಬರುತ್ತದೆ. ‘ಎ’ಯಿಂದ ಆರಂಭ ಎಂದರೆ ಮುಂದೆ ಇನ್ನೂ ಮಕ್ಕಳು ಎಂದು ತಾನೇ? ಶಪಥ ಬಿದ್ದುಹೋಯಿತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಆ ಕೋಣೆಯಲ್ಲಿ ಸೈಮನ್‌ನ ಕಥೆ ತೀರಿತು. ಎರಡನೆಯ ಸೀಸನ್ನಿಗೆ ಅವನನ್ನು ಎಳೆದು ತಂದಿದ್ದರೆ ಅವನಿಗೆ ಹೊಸದೊಂದು ನೋವನ್ನು ಹುಟ್ಟಿಸಬೇಕಿತ್ತು, ಇಲ್ಲವೇ ಅವನ ಸಂಸಾರವನ್ನೇ ಒಡೆಯಬೇಕಿತ್ತು. ಗೆದ್ದುಕೊಂಡ ಸುಖವನ್ನು ಕಂತು ತುಂಬಿಸಲು ಕೆಡಿಸುವುದು ನೋಡಿದವರಿಗೆ ಬಗೆಯುವ ದ್ರೋಹ.

ಈ ಸರಣಿಗೆ ಮೂಲವಾದ ಜೂಲಿಯಾ ಕ್ವಿನ್ ಅವರ ಕಾದಂಬರಿಗಳಲ್ಲೂ ಒಂದೊಂದು ಪುಸ್ತಕ ಒಬ್ಬೊಬ್ಬರ ಮದುವೆಯ ಕಥೆ. ನಟ ರೆಜೆ-ಜಾನ್ ಪೇಜ್ ಅವರು ಸೈಮನ್ ಪಾತ್ರವನ್ನು ಒಪ್ಪಿಕೊಂಡದ್ದೂ ಒಂದೇ ಸೀಸನ್ನಿನ ಕಥೆ ಎಂಬ ತಿಳಿವಳಿಕೆಯ ಮೇಲೆ. ಆದಿ, ಮಧ್ಯ, ಅಂತ್ಯ ಮೂರೂ ಇದ್ದದ್ದೇ ಹಿಡಿಸಿತು ಎಂದು ಅವರು ಹೇಳಿದ್ದರು. ಮೊದಲ 28 ದಿನಗಳಲ್ಲಿ 8.2 ಕೋಟಿ ಮನೆಗಳು ಸರಣಿಯನ್ನು ನೋಡಿದವೆಂದು ನೆಟ್‌ಫ್ಲಿಕ್ಸ್ ಪ್ರಕಟಿಸಿತ್ತು. ಅಂಥ ಹೊತ್ತಿನಲ್ಲಿ, 2021ರ ಏಪ್ರಿಲ್‌ನಲ್ಲಿ, ಡ್ಯೂಕ್ ಮರಳುವುದಿಲ್ಲ ಎಂದು ಘೋಷಿಸಲು ಎದೆಗಾರಿಕೆ ಬೇಕು. ಜನ ಗೋಳಾಡಿದಾಗ ನಿರ್ಮಾಪಕಿ ಶೊಂಡಾ ರೈಮ್ಸ್ ಅಚ್ಚರಿಪಟ್ಟರು. ನಾವೇನು ಅವನನ್ನು ಕೊಂದಿಲ್ಲವಲ್ಲ ಎಂಬುದು ಅವರ ಮಾತಿನ ಸಾರ.

ಕೊಲ್ಲದಿರುವುದು ಎಷ್ಟು ದೊಡ್ಡ ವಿಷಯ ಎಂದು ತಿಳಿಯಲು ಇನ್ನೊಂದು ಬ್ರಿಟಿಷ್ ಸರಣಿ ‘ಡೌನ್‌ಟನ್ ಆ್ಯಬಿ’ಯನ್ನು ನೋಡು. ಮ್ಯಾಥ್ಯೂ ಪಾತ್ರಧಾರಿ ಡ್ಯಾನ್ ಸ್ಟೀವನ್ಸ್ ಸರಣಿಯನ್ನು ಬಿಟ್ಟರು. ಅವನು ಆಸ್ತಿಯ ವಾರಸುದಾರ, ಹಿರಿಯ ಮಗಳು ಮೇರಿಯ ಗಂಡ. ಮನೆ ಬಿಟ್ಟು ಎಲ್ಲಿಗೆ ಹೋದಾನು? 2012ರ ಕ್ರಿಸ್‌ಮಸ್ ದಿನ ಪ್ರಸಾರವಾದ ಕಂತಿನಲ್ಲಿ, ಆಗಷ್ಟೇ ಹುಟ್ಟಿದ ಮಗನನ್ನು ನೋಡಿ ಹಿಂದಿರುಗುವಾಗ ಕಾರು ಅಪಘಾತದಲ್ಲಿ ಅವನು ಸತ್ತ. ಆ ಸಾವು ಕಥೆಯೊಳಗಿಂದ ಬಂದದ್ದಲ್ಲ, ಅದಕ್ಕೇ ಅದು ಇವತ್ತಿಗೂ ಚುಚ್ಚುತ್ತದೆ. ಅದೇ ಮನೆಯ ಸೇವಕಿ ಓ’ಬ್ರಯನ್ ಬೇರೆ ಒಡತಿಯ ಕೆಲಸ ಹಿಡಿದು ಭಾರತಕ್ಕೆ ಹೊರಟುಹೋದಳು, ಯಾರೂ ಸಾಯಬೇಕಾಗಲಿಲ್ಲ. ಕೆಲಸದವರಿಗೆ ಬಾಗಿಲು ತೆರೆದಿರುತ್ತದೆ, ಮನೆಯವರಿಗೆ ಇರುವುದಿಲ್ಲ. ಹಾಗಾಗಿ ಪಾತ್ರಗಳ ಪಟ್ಟಿ ಮಾಡುವಾಗಲೇ ಪ್ರತಿ ಹೆಸರಿನ ಮುಂದೆ, ಇವರು ಹೋಗುವುದಾದರೆ ಎಲ್ಲಿಗೆ, ಯಾಕೆ ಎಂದು ಬರೆದಿಟ್ಟುಕೋ.

ನಿನ್ನ ಸಿಟ್ಟಿನಲ್ಲಿ ನಿಜವಿರುವುದು ಇಲ್ಲಿ. ಮದುವೆಯಾದ ಮಗಳು ತವರಿಗೆ ಬಂದುಹೋಗುವ ಹಾಗೆ ಡ್ಯಾಫ್ನಿ ಎರಡನೆಯ ಸೀಸನ್ನಿಗೆ ಬಂದಳು, ಗಂಡನಿಲ್ಲದೆ. ಆಂಥೊನಿಯ ಮದುವೆಗೆ ರಾಣಿಯೇ ಮುಂದೆ ನಿಂತು ಏರ್ಪಾಡು ಮಾಡುತ್ತಾಳೆ. ಮನೆಯ ಅಳಿಯ, ವರನ ಹಳೆಯ ಸ್ನೇಹಿತ, ಅಲ್ಲೂ ಇಲ್ಲ! ಕಥೆ ತೀರಿದ ಮಾತ್ರಕ್ಕೆ ನಂಟು ತೀರುವುದಿಲ್ಲ. ಊರಲ್ಲಿ ಜ್ವರ, ಜಮೀನಿನ ತಕರಾರು, ಏನಾದರೂ ಒಂದು ಗಟ್ಟಿ ಕಾರಣ ಬೇಕಿತ್ತು. ಅವನು ಬರೆದ ನಾಲ್ಕು ಸಾಲನ್ನು ಯಾರಾದರೂ ಗಟ್ಟಿಯಾಗಿ ಓದಿದ್ದರೂ ಸಾಕಿತ್ತು. ಮೂರನೆಯ ಸೀಸನ್ನಿನಲ್ಲಿ ಡ್ಯಾಫ್ನಿಯೂ ಬರಲಿಲ್ಲ, ಸ್ವಂತ ಅಣ್ಣ ಕಾಲಿನ್‌ನ ಮದುವೆಗೂ ಇಲ್ಲ.

ಆಂಥೊನಿ ಮತ್ತು ಅವನ ಹೆಂಡತಿ ಕೇಟ್ ವಿಷಯದಲ್ಲಿ ಅವರು ಹೆಚ್ಚು ಜಾಣತನ ತೋರಿದರು. ಅವನು ಮನೆಯ ಯಜಮಾನ, ಪೂರ್ತಿ ಮರೆಯಾಗುವ ಹಾಗಿಲ್ಲ. ಆದ್ದರಿಂದ ಮೂರನೆಯ ಸೀಸನ್ನಿನಲ್ಲಿ ಮೊದಲು ಮಧುಚಂದ್ರ, ಆಮೇಲೆ ಹುಟ್ಟುವ ಮಗುವಿಗಾಗಿ ಭಾರತಕ್ಕೆ ಪ್ರಯಾಣ. ಕೇಟ್ ಶರ್ಮಾ ಬಂದದ್ದೇ ಮುಂಬಯಿಯಿಂದ, ತಂದೆಯನ್ನು ‘ಅಪ್ಪಾ’ ಎಂದು ನೆನೆಯುವವಳು. ಮಗು ಅವಳ ನೆಲದಲ್ಲಿ ಹುಟ್ಟಲಿ ಎಂಬ ಬಯಕೆ ಅವಳ ಸ್ವಭಾವದಿಂದಲೇ ಬಂದಿತು. ಕಲಾವಿದರ ಬಿಡುವಿಗೆಂದು ಹೊಲಿದ ತೇಪೆಯಂತೆ ಕಾಣಲಿಲ್ಲ.

ಇನ್ನು ನಿನ್ನ ಕರಡು. ನಿನ್ನ ನಾಯಕನಿಗೆ ಸೈಮನ್‌ನ ಶಪಥದಂಥ ಒಂದು ಗಂಟು ಇನ್ನೂ ಇಲ್ಲ. ಚೆಲುವ, ಸಿರಿವಂತ, ಕುದುರೆ ಸವಾರ, ಅಷ್ಟೇ. ಅಂಥವನ ಕಥೆ ಮುಗಿಯುವುದೇ ಇಲ್ಲ, ಏಕೆಂದರೆ ಅದು ಶುರುವಾಗಿಯೇ ಇಲ್ಲ. ಮೊದಲ ಕಂತಿನಲ್ಲೇ ಅವನಿಗೊಂದು ಗಂಟು ಹಾಕು, ಕೊನೆಯ ಕಂತನ್ನು ಮೊದಲು ಬರೆ. ನಡುವೆ ಚಾನೆಲ್‌ನವರು ಇನ್ನಷ್ಟು ಎಳೆಯಿರಿ ಎಂದರೆ, ಎಳೆಯಬೇಕಾದ್ದು ಅವನನ್ನಲ್ಲ, ಅವನ ತಂಗಿಯ ಕಥೆಯನ್ನು ಎಂದು ಹೇಳು. ಎರಡನೆಯ ಕಂತಿನಲ್ಲಿ ಕಿಟಕಿಯ ಬಳಿ ಕೂತು ಓದುವ ಆ ಹುಡುಗಿಗೆ ನೀನು ಕೊಟ್ಟಿರುವುದು ಎರಡೇ ಮಾತು. ಮುಂದಿನ ಕರಡಿನಲ್ಲಿ ಅವಳು ಏನು ಓದುತ್ತಿದ್ದಾಳೆ, ಯಾರಿಂದ ಬಚ್ಚಿಟ್ಟು ಓದುತ್ತಿದ್ದಾಳೆ ಎಂಬುದು ನನಗೆ ಗೊತ್ತಾಗಬೇಕು. ಬೇಗ ಕಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ