ಪ್ಲಾನ್ ಮಾಡಿ ಬನ್ನಿ ಅನ್ನುವವರು ಮೊದಲು ದಾರಿ ಹೇಳಲಿ

ಸಂಪಾದಕರಿಗೆ,

ಮಂಗಳವಾರದ ಜಿಲ್ಲಾ ಪುಟದಲ್ಲಿ ಗದಗ ಜಿಲ್ಲೆಯ ಕಪ್ಪತಗುಡ್ಡದ ಸುದ್ದಿ ಓದಿದೆ. ದಾರಿ ತಪ್ಪಿದ ಕಾಲೇಜು ಹುಡುಗರನ್ನು ಕುರಿ ಕಾಯುವವರು ರಾತ್ರಿ ಹುಡುಕಿ ಕರೆತಂದರಂತೆ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಆದರೆ ಸುದ್ದಿಯ ಕೊನೆಗೆ ಅಧಿಕಾರಿಯೊಬ್ಬರ ಮಾತು ಹಾಕಿದ್ದೀರಲ್ಲ, 'ಜನ ತಯಾರಿ ಇಲ್ಲದೆ ಬರುತ್ತಾರೆ, ಪ್ಲಾನ್ ಮಾಡಿಕೊಂಡು ಬರಬೇಕು' ಅಂತ, ಅದನ್ನು ಓದಿ ಮೈ ಉರಿಯಿತು. ಅದೇ ಭಾನುವಾರ ನಾವೂ ಹುಬ್ಬಳ್ಳಿಯಿಂದ ಅಲ್ಲಿಗೆ ಹೋಗಿದ್ದೆವು. ಪ್ಲಾನ್ ಮಾಡಿಕೊಂಡೇ ಹೋಗಿದ್ದೆವು.

ಕಪ್ಪತಗುಡ್ಡ ಹತ್ತೋಕೆ ಭಾರಿ ಸಾಹಸ ಏನೂ ಬೇಡ. ನಡೆಯುವ ರೂಢಿ ಇದ್ದವರು ಒಂದೇ ದಿನದಲ್ಲಿ ಹತ್ತಿ ಇಳಿಯಬಹುದು. ಆದರೆ ಇಲ್ಲಿ ಮಲೆನಾಡಿನ ಹಾಗೆ ನೆರಳು ಸಿಗಲ್ಲ. ಬಹುಪಾಲು ಹುಲ್ಲು, ಕುರುಚಲು. ಹತ್ತು ಗಂಟೆ ದಾಟಿದರೆ ನೆತ್ತಿ ಸುಡುತ್ತೆ. ಆದ್ದರಿಂದ ನಸುಕಿನಲ್ಲೇ ಮನೆ ಬಿಟ್ಟೆವು. ತಲೆಗೆ ಮೂರು ಲೀಟರ್ ನೀರು, ಕಟಕ ರೊಟ್ಟಿ, ಶೇಂಗಾ ಚಟ್ನಿ, ಟಾರ್ಚು, ಗಾಯಕ್ಕೆ ಹಚ್ಚೋಕೆ ಔಷಧ, ಎಲ್ಲ ಇತ್ತು. ತುದಿ ಮುಟ್ಟಲಿ ಬಿಡಲಿ, ಮಧ್ಯಾಹ್ನ ಒಂದಕ್ಕೆ ವಾಪಸ್ ತಿರುಗೋದು ಅಂತ ಮನೆಯಲ್ಲೇ ಗಟ್ಟಿ ಮಾಡಿದ್ದೆವು. ನವೆಂಬರ್‌ನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತೆ ಅಲ್ವಾ? ಯಾವ ಕಡೆ ಹೋಗುತ್ತೇವೆ, ಎಷ್ಟೊತ್ತಿಗೆ ಬರುತ್ತೇವೆ ಅಂತ ಅಣ್ಣನಿಗೆ ಬರೆದು ಕೊಟ್ಟಿದ್ದೆ. ಇದಕ್ಕಿಂತ ಜಾಸ್ತಿ ಏನು ಪ್ಲಾನ್ ಮಾಡಬೇಕು ಸ್ವಾಮಿ?

ನಮ್ಮ ಕೈಲಿ ಆಗುವ ಪ್ಲಾನ್ ಅಷ್ಟೇ. ಉಳಿದದ್ದು ಅಧಿಕಾರಿಗಳು ಹೇಳಬೇಕು. ಡೋಣಿ ಊರಿನ ಕಡೆಯಿಂದ ಹತ್ತಬಹುದಾ, ಕಪ್ಪತ ಮಲ್ಲೇಶ್ವರನ ಗುಡಿ ಕಡೆಯಿಂದಲೇ ಹೋಗಬೇಕಾ? ಗುಡ್ಡದ ಮೇಲಿರೋ ಗಾಳಿಗುಂಡಿವರೆಗೆ ಗಾಡಿ ಬಿಡುತ್ತಾರಾ? ಅನುಮತಿ ಬೇಕಾ, ಬೇಕಿದ್ದರೆ ಯಾರ ಹತ್ತಿರ? ಇಷ್ಟು ಕೇಳೋಕೆ ಹಿಂದಿನ ವಾರ ಪೂರ್ತಿ ಆಫೀಸುಗಳಿಗೆ ಫೋನ್ ಮಾಡಿದೆ. ಒಂದು ನಂಬರ್ ಸುಮ್ನೆ ರಿಂಗಾಗುತ್ತಿತ್ತು. ಇನ್ನೊಂದರಲ್ಲಿ 'ಅದು ನಮಗ ಬರಂಗಿಲ್ರಿ' ಅಂದರು. ಮತ್ತೆ ಯಾರಿಗೆ ಬರುತ್ತೆ ಅಂದರೆ 'ಗೇಟಿನ್ಯಾಗ ಕೇಳ್ರಿ' ಅಂತ ಹೇಳಿ ಇಟ್ಟುಬಿಟ್ಟರು.

ಗೇಟಿನಲ್ಲಿ ಕೇಳಿದೆವು. 'ಇವತ್ತ ಬಿಡಂಗಿಲ್ರಿ' ಅಂದ ಅಲ್ಲಿದ್ದವ. ಯಾಕೆ ಅಂದರೆ 'ಸಾಹೇಬ್ರು ಹೇಳ್ಯಾರ.' ನಮ್ಮ ಕಣ್ಣೆದುರಿಗೇ ಯಾರದೋ ಪರಿಚಯದವರ ಎರಡು ಕಾರು ಒಳಗೆ ಹೋದವು. ಮುಕ್ಕಾಲು ಗಂಟೆ ನಿಲ್ಲಿಸಿ ಆಮೇಲೆ 'ಹೋಗ್ರಿ, ಲಗೂನ ಬರ್ರಿ' ಅಂತ ಬಿಟ್ಟರು. ಚೀಟಿ ಇಲ್ಲ, ಹೆಸರು ಬರೆದುಕೊಳ್ಳಲಿಲ್ಲ, ಎಷ್ಟು ಜನ ಅಂತಲೂ ಕೇಳಲಿಲ್ಲ. ಹೀಗಾದರೆ ಒಳಗೆ ಹೋದವರು ಹೊರಗೆ ಬಂದರೋ ಇಲ್ಲವೋ ಅಂತ ಗೊತ್ತಾಗೋದು ಹೇಗೆ? ಆ ಹುಡುಗರು ಬಂದಿಲ್ಲ ಅನ್ನೋದನ್ನೂ ಅವರ ಮನೆಯವರೇ ಫೋನ್ ಮಾಡಿ ಹೇಳಬೇಕಾಯಿತು ಅಂತ ನಿಮ್ಮ ವರದಿಯಲ್ಲೇ ಇದೆ.

ಒಳಗೆ ಸ್ವಲ್ಪ ದೂರ ಹೋದರೆ ಕಾಲುದಾರಿ ಮೂರಾಗಿ ಒಡೆಯುತ್ತೆ. ಅಲ್ಲಿ ಕಬ್ಬಿಣದ ಒಂದು ಬೋರ್ಡ್ ಇದೆ. ಬಣ್ಣ ಎದ್ದು ಹೋಗಿ ತುಕ್ಕು ಹಿಡಿದಿದೆ. ಅಕ್ಷರ ಒಂದೂ ಉಳಿದಿಲ್ಲ, ಬಾಣದ ಗುರುತು ಮಾತ್ರ ಇದೆ. ಒಂದು ಬೋಲ್ಟ್ ಕಳಚಿ ಬೋರ್ಡ್ ಜೋತುಬಿದ್ದಿರುವುದರಿಂದ ಆ ಬಾಣ ನೆಲ ತೋರಿಸುತ್ತಿದೆ. ಅದರ ಆಚೆ ಎದೆಮಟ್ಟ ಹುಲ್ಲು. ಒಂದು ದಿಣ್ಣೆ ಇದ್ದ ಹಾಗೇ ಇನ್ನೊಂದು. ಹಳ್ಳಕ್ಕೆ ಇಳಿದರೆ ಮೊಬೈಲ್ ಸಿಗ್ನಲ್ ಇರಲ್ಲ. ಇಂಥ ಕಡೆ ಸಂಜೆ ಹೊತ್ತು ದಾರಿ ತಪ್ಪದೆ ಇನ್ನೇನು?

ನಮಗೆ ದಾರಿ ಹೇಳಿದ್ದು ಕೆಳಗೆ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ. ಕೋಲಿನಿಂದ ಮಣ್ಣಿನ ಮೇಲೆ ಒಂದು ಗೆರೆ ಎಳೆದ. 'ಈ ದಿಣ್ಣಿ ಬಿಟ್ಟು ಇಳಿಬ್ಯಾಡ್ರಿ. ಹಳ್ಳದಾಗ ಇಳದ್ರ ತಿರುಗಿ ಹತ್ತಾಕ ಆಗಂಗಿಲ್ಲ. ಮಂಜು ಬಂದ್ರ ನಿಂತಲ್ಲೇ ನಿಂದರ್ರಿ.' ಒಂದು ನಿಮಿಷದಲ್ಲಿ ಆತ ಹೇಳಿದ್ದನ್ನು ಸಂಬಳ ತಗೊಳ್ಳೋ ಒಬ್ಬರೂ ಹೇಳಲಿಲ್ಲ. ಆ ಮಾತನ್ನೇ ಬೋರ್ಡಿನ ಮೇಲೆ ಬರೆಸೋಕೆ ಎಷ್ಟು ಖರ್ಚಾಗುತ್ತೆ?

ಗೇಟಿನಲ್ಲಿ ಹೊತ್ತು ಕಳೆದದ್ದರಿಂದ ಬಿಸಿಲಲ್ಲಿ ಹತ್ತಬೇಕಾಯಿತು. ನನ್ನ ಹೆಂಡತಿಗೆ ತಲೆನೋವು ಶುರುವಾಯಿತು. ನೀರು ಬೇಗ ಖಾಲಿಯಾಗುತ್ತಾ ಬಂತು. ಒಂದು ಗಂಟೆಗೆ ತುದಿ ಎದುರಿಗೇ ಕಾಣುತ್ತಿತ್ತು, ಆದರೂ ತಿರುಗಿದೆವು. ಏಳನೇ ಕ್ಲಾಸಿನ ಮಗಳ ಮುಖ ಸಣ್ಣದಾಯಿತು. ಡೀಸೆಲ್ ದುಡ್ಡು, ಭಾನುವಾರದ ರಜೆ ಎರಡೂ ಹೋದವು. ಮುಖ ತೊಳೆಯೋಕೆ ಕೆಳಗೆ ನಲ್ಲಿ ತಿರುಗಿಸಿದರೆ ಗಾಳಿ ಬಂತು. ಶೌಚಾಲಯಕ್ಕೆ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ.

ಅಧಿಕಾರದಲ್ಲಿರುವವರ ಈ ಬುದ್ಧಿ ಇವತ್ತಿನದಲ್ಲ. 2015ರಲ್ಲಿ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶ ಅಂದರು, 2016ರಲ್ಲಿ ಹಿಂದಕ್ಕೆ ತಗೊಂಡರು. 2017ರ ಫೆಬ್ರುವರಿಯಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಜೊತೆ ಜನ ಗದಗಿನಲ್ಲಿ ಹಗಲು ರಾತ್ರಿ ಧರಣಿ ಕೂತ ಮೇಲೇ ಅದು ವಾಪಸ್ ಬಂತು. 2019ರಲ್ಲಿ ವನ್ಯಜೀವಿಧಾಮ ಆಯಿತು. ತೋಳ, ಕತ್ತೆಕಿರುಬ, ಚಿರತೆ ಇರುವ ಗುಡ್ಡ ಅದು. ಔಷಧಿ ಸಸ್ಯಗಳ ಕಣಜ. ನಾವು ಕೂಗದೆ ಏನೂ ಆಗಲ್ಲ ಅನ್ನೋದು ಆಗಲೇ ಗೊತ್ತಾಗಿತ್ತು. ಬೇಸಿಗೆ ಬಂದರೆ ಒಣಗಿದ ಹುಲ್ಲಿಗೆ ಬೆಂಕಿ ಬೀಳುತ್ತೆ, ಆಗಲೂ ಸೊಪ್ಪಿನ ಟೊಂಗೆ ಹಿಡಿದು ಆರಿಸೋಕೆ ಓಡುವವರಲ್ಲಿ ಊರಿನ ಹುಡುಗರೇ ಇರುತ್ತಾರೆ. ಇಷ್ಟೇ ಯಾಕೆ, ನಮ್ಮ ಮನೆಯ ಉತಾರಕ್ಕೆ ಒಂದು ಆಫೀಸಿಗೆ ಅಲೆದಾಗಲೂ ಇದೇ 'ನಾಳೆ ಬರ್ರಿ', ಇದೇ 'ಸಾಹೇಬ್ರು ಮೀಟಿಂಗಿನ್ಯಾಗ ಅದಾರ'. ನಮ್ಮ ಓಣಿಯ ಬೀದಿದೀಪ ದಸರೆಗಿಂತ ಮುಂಚೆ ಕೆಟ್ಟಿದ್ದು ಇನ್ನೂ ಹತ್ತಿಲ್ಲ. ಸಸಿ ನೆಡುವ ದಿನ ಫೋಟೊಗೆ ನಿಲ್ಲೋಕೆ ಮಾತ್ರ ಎಲ್ಲರೂ ಹಾಜರ್.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿ ಆದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದಿತು. ಒಂದು ದಾರಿಗೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಅಲ್ಲಿ ಆಗೋದು ನಮ್ಮ ಗುಡ್ಡದಲ್ಲಿ ಯಾಕೆ ಆಗಲ್ಲ? ನಮ್ಮ ಕಡೆಯವರು ಅಂದರೆ ಅಷ್ಟು ಸಸಾರನಾ?

ಆ ಹುಡುಗರಿಗೆ ಬುದ್ಧಿ ಹೇಳೋಣ, ಬೇಡ ಅನ್ನಲ್ಲ. ಆದರೆ ತಪ್ಪೆಲ್ಲ ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳಬೇಡಿ. ಬಿಡುವ ಹಾಗಿದ್ದರೆ ಸರಿಯಾಗಿ ಬಿಡಿ, ಬೋರ್ಡ್ ಹಾಕಿ, ಊರಿನ ಹುಡುಗರನ್ನೇ ದಾರಿ ತೋರಿಸೋಕೆ ಇಟ್ಟುಕೊಳ್ಳಿ. ಬಿಡಲ್ಲ ಅಂದರೆ ಬಿಡಲ್ಲ ಅಂತ ಪೇಪರಿನಲ್ಲಿ ಹಾಕಿಸಿ, ಪರಿಚಯದವರ ಕಾರನ್ನೂ ಬಿಡಬೇಡಿ. ಸಂಬಂಧಪಟ್ಟವರು ಕೂಡಲೇ ಎಚ್ಚೆತ್ತುಕೊಳ್ಳಬೇಕು. ಕನಿಷ್ಠ ಆ ಫೋನನ್ನಾದರೂ ಎತ್ತಿ.

ಒಬ್ಬ ಓದುಗ, ವಿದ್ಯಾನಗರ, ಹುಬ್ಬಳ್ಳಿ